ಮಂಜಿಯನ್ನು ಮೂಲೆಯಲ್ಲಿ ಕೂರಿಸಿದ ದಿನಗಳು

ನಿಮ್ಮ ದೊಡ್ಡಮ್ಮ ಯಾಕೆ ಮಾತಾಡುವುದಿಲ್ಲ, ಯಾಕೆ ನಮ್ಮ ಜೊತೆ ಮನೆಯಲ್ಲಿ ಇಲ್ಲ ಎಂದು ಹೋದ ಭಾನುವಾರ ನೀವಿಬ್ಬರೂ ಕೇಳಿದಿರಿ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಒಳಗೆ ಎದ್ದುಹೋದೆ. ಹಾಲು ಇಟ್ಟಿರಲಿಲ್ಲ. ಎದುರು ಕೂತು ಹೇಳುವುದು ನನಗೆ ಯಾವತ್ತೂ ಬಂದದ್ದಲ್ಲ. ಆಮೇಲೆ ನಿಮ್ಮಮ್ಮ ರೇಖಾ ಬಂದು, "ಬರೆದ್ಬಿಡಮ್ಮ, ನಾನೇ ಅವರಿಗೆ ಓದಿ ಹೇಳ್ತೀನಿ. ಬಾಯಲ್ಲಿ ಹೇಳೋಕೆ ಹೋದ್ರೆ ನೀನು ಅರ್ಧಕ್ಕೇ ಎದ್ಹೋಗ್ತೀಯ," ಎಂದಳು. ಅದಕ್ಕೇ ಈ ನೋಟ್‌ಬುಕ್ ಹಿಡಿದು ಕೂತಿದ್ದೇನೆ.

ನಾನು ನಾಗಮಂಗಲದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ಕಾಯಿಲೆಯ ವಿಷಯವನ್ನು ಪುಸ್ತಕದಲ್ಲಿ ಇರುವ ಹಾಗೆ ಬರೆಯಲು ಬರುವುದಿಲ್ಲ. ಹಾಗೆ ಬರೆಯಬಲ್ಲವರು ನಿಮ್ಮ ತಾತ, ಡಾಕ್ಟರು. ಅವರು ಇಲ್ಲ. ಇನ್ನೊಂದು ಕಾರಣವೂ ಇದೆ. ದೇವಸ್ಥಾನಕ್ಕೆ ಈಚೆಗೆ ಒಬ್ಬ ಹೊಸ ತಾಯಿ ಬರುತ್ತಾಳೆ. ಅವಳ ಮಗು ಹಾಲ್ ತುಂಬಾ ಓಡುತ್ತದೆ. ಅವಳು ತಲೆ ತಗ್ಗಿಸಿಕೊಂಡು ಎಲ್ಲರಿಗೂ ಸಾರಿ ಹೇಳುತ್ತಾ ಅದರ ಹಿಂದೆ ಹೋಗುತ್ತಾಳೆ. ಮಾತಾಡಿಸಬೇಕು ಎಂದುಕೊಂಡು ಮೂರು ಸಲ ಸುಮ್ಮನೆ ಬಂದಿದ್ದೇನೆ. ಬರೆದು ಮುಗಿದ ಮೇಲೆ ಇದನ್ನು ಅವಳಿಗೂ ಕೊಡಿ.

ನಿಮ್ಮ ದೊಡ್ಡಮ್ಮ ಮಂಜುಳಾ ಹುಟ್ಟಿದ್ದು ಮೈಸೂರಿನಲ್ಲಿ. ಅವಳಿಗೆ ಎರಡು ತುಂಬುವ ಮೊದಲೇ ನಿಮ್ಮ ತಾತನಿಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಎಪ್ಪತ್ತರ ದಶಕದ ಮಾತು. ಗಾಸ್ನೆಲ್ಸ್‌ನಲ್ಲಿ ಬಾಡಿಗೆ ಮನೆ. ಹಿಂಬದಿಗೆ ಸದರ್ನ್ ರಿವರ್‌ವರೆಗೂ ಮರಳು ನೆಲ, ಕುದುರೆ ಬಿಡುವ ಬಯಲು, ತಂತಿಬೇಲಿ. ಮಂಜಿ ನೋಡಲು ಚೆಂದ, ಊಟ ಚೆನ್ನಾಗಿ ಮಾಡುತ್ತಿದ್ದಳು. ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ತಿರುಗಲು ಬಿಟ್ಟು ಅದು ನಿಲ್ಲುವವರೆಗೂ ನೋಡುವಳು, ಮತ್ತೆ ತಿರುಗಿಸುವಳು. ಕಿವುಡಿರಬೇಕು ಎಂದು ನಾನು ಅಂದುಕೊಂಡೆ. ಆಚೆ ಕೋಣೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದರೆ ಓಡಿ ಬರುವಳು. ಹಾಗಾದರೆ ಕಿವುಡಲ್ಲ. ಮತ್ತೇನು?

ಬಾಗಿಲು ತೆರೆದಿದ್ದರೆ ಓಡಿಹೋಗಿಬಿಡುತ್ತಿದ್ದಳು. ಯಾವ ದಿಕ್ಕಿಗೆಂದು ಇಲ್ಲ, ಓಟ ಅಷ್ಟೇ. ಅಡುಗೆ ಮಾಡುವಾಗ ಹಳೆ ಸೀರೆಯ ತುಂಡಿನಿಂದ ಅವಳ ಸೊಂಟಕ್ಕೂ ನನ್ನ ಸೊಂಟಕ್ಕೂ ಗಂಟು ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಗಂಟು ಬಿಚ್ಚಿಕೊಂಡಿತು. ಕುದುರೆ ಬೇಲಿಯ ಹತ್ತಿರ ಸಿಕ್ಕಳೆಂದು ಪಕ್ಕದ ಮನೆಯ ಮುದುಕ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ತಂದುಬಿಟ್ಟ. ನಗುತ್ತಾ ಏನೋ ಹೇಳಿದ. ನಾನು ತಲೆಯಾಡಿಸಿದೆ. ಆ ಕಾಲದಲ್ಲಿ ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ.

ನಿಮ್ಮ ತಾತ ಒಬ್ಬ ದೊಡ್ಡ ಡಾಕ್ಟರ ಬಳಿ ಕರೆದುಕೊಂಡು ಹೋದರು. ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಮಂಜಿ ಅದರ ಸುತ್ತ ಓಡತೊಡಗಿದಳು, ನಿಲ್ಲಿಸಲು ಹೋದರೆ ಚೀರುವಳು. ಕೂತಿದ್ದ ತಾಯಂದಿರು ಒಬ್ಬೊಬ್ಬರಾಗಿ ತಮ್ಮ ಚೀಲ, ಕಾಲು ಹಿಂದಕ್ಕೆ ಎಳೆದುಕೊಂಡರು. ನಿಮ್ಮ ತಾತ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಒಬ್ಬ ಅಜ್ಜಿ ಮಾತ್ರ ಹೆಣಿಗೆ ಪಕ್ಕಕ್ಕಿಟ್ಟು ನನಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟಳು. ಮಗುವಿಗಲ್ಲ, ನನಗೆ. ಅದು ಈಗಲೂ ನೆನಪಿದೆ.

ಆ ಡಾಕ್ಟರು ಬಹಳ ಹೊತ್ತು ನನ್ನ ಕಡೆಯೇ ನೋಡುತ್ತಾ ಏನೇನೋ ಕೇಳಿದರು. ತಾತ ನನಗೆ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು.

"ಮಗೂನ ಎತ್ಕೊಳ್ತೀಯಾ ಅಂತ ಕೇಳ್ತಿದಾರೆ."

"ಎತ್ಕೊಳ್ತೀನಿ ಕಣ್ರೀ. ಅವಳೇ ಜಾರ್ಕೊಂಡು ಹೋಗ್ತಾಳೆ."

ಡಾಕ್ಟರು ಇನ್ನೇನೋ ಕೇಳಿದರು. ತಾತನ ಕಿವಿ ಕೆಂಪಾಯಿತು. ಅದನ್ನು ನನಗೆ ಹೇಳದೆ ತಾವೇ ಉತ್ತರ ಕೊಟ್ಟರು. ಕಾರಿನಲ್ಲಿ ಕೂತ ಮೇಲೆ ಆಟಿಸಂ ಎಂದರು.

"ಹಂಗಂದ್ರೆ?"

"ಅವಳು ಅವಳ ಪಾಡಿಗೆ ಇರ್ತಾಳೆ."

"ಎಷ್ಟು ದಿನ?"

ಅವರು ಕಾರು ಸ್ಟಾರ್ಟ್ ಮಾಡಿದರು.

ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಆಗ ಡಾಕ್ಟರುಗಳೇ ನಂಬಿದ್ದರಂತೆ. ಅವತ್ತು ಕೇಳಿದ್ದೂ ಅದೇ. ನಿಮ್ಮ ತಾತ ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಅದು ಸುಳ್ಳೆಂದು ಆಮೇಲೆ ಎಲ್ಲರೂ ಒಪ್ಪಿಕೊಂಡರಂತೆ. ನನಗೆ ಹೇಳದೆ ಇದ್ದದ್ದು ಅವರು ನನ್ನ ಮೇಲೆ ತೋರಿಸಿದ ದಯೆ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಅವರ ಮೌನ ನೋಡಿ ತಪ್ಪು ನನ್ನದೇ ಎಂದುಕೊಂಡೆ. ಯಾವ ತಪ್ಪು ಎಂದು ಗೊತ್ತಿರಲಿಲ್ಲ.

ಪರ್ತ್‌ನಲ್ಲಿ ನಿಮ್ಮಮ್ಮ ಹುಟ್ಟಿದಳು. ಅವಳಿಗೆ ಒಂದು ವರ್ಷವಾದಾಗ ಬ್ರಿಸ್ಬೇನಿಗೆ ಹೋದೆವು. ಅಲ್ಲಿನ ಮನೆ ಮರದ ಕಂಬಗಳ ಮೇಲೆ ನಿಂತಿತ್ತು. ಬಟ್ಟೆ ಒಗೆಯುವುದು ಕೆಳಗೆ, ವಾಸ ಮೇಲೆ. ಅಲ್ಲಿನ ಡಾಕ್ಟರು ಮಂಜಿಗೆ ಒಂದು ಸಿರಪ್ ಬರೆದುಕೊಟ್ಟರು. ಕುಡಿಸಿದರೆ ಬಾಯಿ ಅರ್ಧ ತೆರೆದುಕೊಂಡು ಗೋಡೆಗೆ ಒರಗುವಳು. ಇಳಿದ ಮೇಲೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುವಳು. ಹೀಗೇ ಆದರೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಕಡೆ ಬಿಡುವುದು ಒಳ್ಳೆಯದು, ಇನ್ನೊಂದು ಹೆಣ್ಣುಮಗು ಬೇರೆ ಇದೆ ಎಂದು ಆ ಡಾಕ್ಟರು ಹೇಳಿದರು. ಅದನ್ನು ತಾತ ನನಗೆ ಮುಚ್ಚಿಡಲಿಲ್ಲ. ಅವತ್ತಿನಿಂದ ನನಗೆ ಇದ್ದದ್ದು ಒಂದೇ ಹಟ. ಅವಳು ನಮ್ಮ ಮನೆಯಲ್ಲೇ ಇರಬೇಕು.

ಆ ಮನೆಯ ಮೆಟ್ಟಿಲಲ್ಲೇ ನಾನು ಒಂದು ವಿಷಯ ಕಂಡುಕೊಂಡೆ. ಒಗೆದ ಬಟ್ಟೆಯ ಬಕೆಟ್ ಹಿಡಿದು ನಾನು ಹತ್ತಿದರೆ ಮಂಜಿಯೂ ಹತ್ತುವಳು, ನಾನು ಇಳಿದರೆ ಇಳಿಯುವಳು. ಒಂದು ದಿನ ಅವಳ ಕೈಗೂ ಚಿಕ್ಕ ಬಕೆಟ್ ಕೊಟ್ಟೆ. ಹತ್ತು ಹನ್ನೆರಡು ಸಲ ಹತ್ತಿ ಇಳಿದಳು. ಅವತ್ತು ಮಣಿಕಟ್ಟು ಕಚ್ಚಲಿಲ್ಲ. ತಟ್ಟೆ ಮುಂದೆ ಕೂತು ತಾನೇ ಮುದ್ದೆ ಮುರಿದು ತಿಂದಳು. ಮಾರನೆಯ ದಿನ ಮತ್ತೆ ಮಾಡಿಸಿದೆ, ಮತ್ತೆ ಹಾಗೇ ಆಯಿತು. ನಿಮ್ಮ ತಾತನಿಗೆ ಹೇಳಿದೆ.

"ಸುಸ್ತಾಗಿರತ್ತೆ, ಅಷ್ಟೇ," ಎಂದರು ಅವರು.

ಅವರು ಡಾಕ್ಟರು, ನಾನು ಏಳನೇ ಕ್ಲಾಸು. ಅದನ್ನು ಮತ್ತೆ ಎತ್ತಲಿಲ್ಲ. ಬಕೆಟ್ ಮಾತ್ರ ಬಿಡಲಿಲ್ಲ. ಒಗೆಯಲು ಬಟ್ಟೆ ಇಲ್ಲದ ದಿನ ಒಣಗಿದ್ದನ್ನೇ ಮತ್ತೆ ನೆನೆಸುತ್ತಿದ್ದೆ.

ಅಲ್ಲಿ ಕರ್ನಾಟಕದ ಡಾಕ್ಟರುಗಳು ಐದಾರು ಮನೆಯವರಿದ್ದರು. ಒಮ್ಮೆ ನಮ್ಮ ಮನೆಗೆ ಎಲ್ಲರನ್ನೂ ಊಟಕ್ಕೆ ಕರೆದಿದ್ದೆವು. ಮಂಜಿಗೆ ಸಿರಪ್ ಕೊಟ್ಟು ಒಳಕೋಣೆಯಲ್ಲಿ ಮಲಗಿಸಿದ್ದೆ. ನಾನು ಚಿತ್ರಾನ್ನ ಬಡಿಸುತ್ತಿದ್ದಾಗ ಹೊಸದಾಗಿ ಬಂದ ಒಬ್ಬರು ತಾತನನ್ನು, "ಎಷ್ಟು ಜನ ಮಕ್ಕಳು ನಿಮಗೆ?" ಎಂದು ಕೇಳಿದರು. ತಾತ ನಿಮ್ಮಮ್ಮನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, "ಇವಳೊಬ್ಬಳೇ," ಎಂದರು.

ತಾತನ ಎಲೆಗೂ ಚಿತ್ರಾನ್ನ ಬಡಿಸಿದೆ. ಅವರು ಸಾಕು ಎಂದರೂ ಬಡಿಸುತ್ತಲೇ ಇದ್ದೆನಂತೆ. ಅವರನ್ನು ಬೈಯಬೇಡಿ. ದಿನವಿಡೀ ಬೇರೆಯವರ ಮಕ್ಕಳನ್ನು ಗುಣಪಡಿಸಿ ಬಂದು ತಮ್ಮ ಮಗುವಿಗೆ ಏನೂ ಮಾಡಲಾಗದೆ ಕೂರುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಾನಾದರೂ ಏನೂ ತಿಳಿಯದವಳು.

ಅಡಿಲೇಡಿಗೆ ಬಂದಾಗ ಮಂಜಿಗೆ ಒಂಬತ್ತು ವರ್ಷ. ತಾತನಿಗೆ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಕೆಲಸ. ಮನೆ ಮಾಡಿದ್ದು ಊರಿನ ಇನ್ನೊಂದು ತುದಿಯಲ್ಲಿ, ಬ್ಲೇರ್ ಅಥಾಲ್‌ನಲ್ಲಿ. ಮಂಜಿಯನ್ನು ಸೇರಿಸಿಕೊಂಡ ಶಾಲೆ ಆ ಕಡೆ ಇತ್ತು, ಅದಕ್ಕೆ. ಶಾಲೆ ಎಂದರೆ ಚರ್ಚಿನ ಹಿಂದಿನ ಒಂದು ಹಾಲ್, ಹತ್ತು ಹನ್ನೆರಡು ಮಕ್ಕಳು, ಪಕ್ಕದಲ್ಲಿ ಹುಲ್ಲಿನ ಮೈದಾನ. ಅಲ್ಲಿನ ಟೀಚರ್ ಜೋನ್ ಐವತ್ತು ದಾಟಿದವರು. ಚಡ್ಡಿ ಹಾಕಿಕೊಂಡು, ಕೊರಳಿಗೆ ಸೀಟಿ ತೂಗುಬಿಟ್ಟುಕೊಂಡು ಇರುತ್ತಿದ್ದರು. ಮೊದಲು ಯಾವುದೋ ದೊಡ್ಡ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರಂತೆ.

ನಿಮ್ಮ ತಾತ ಔಷಧಿಗಳ ಪಟ್ಟಿ ಕೊಟ್ಟರು. ಜೋನ್ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, ಇವಳಿಗೆ ಓಡುವುದು ಇಷ್ಟವೇ ಎಂದು ಕೇಳಿದರು. ಅದೇ ಪ್ರಾಬ್ಲಮ್ ಎಂದರು ತಾತ. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ ಡಾಕ್ಟರ್ ಎಂದರು ಜೋನ್. ಅಷ್ಟು ಇಂಗ್ಲಿಷ್ ನನಗೆ ಅರ್ಥವಾಯಿತು. ಮೆಟ್ಟಿಲು ಮತ್ತು ಬಕೆಟ್ಟಿನ ವಿಷಯ ಅವರಿಗೆ ಹೇಳಬೇಕು ಎಂದು ಬಾಯಿಗೆ ಬಂತು. ಸೆರಗು ಸರಿಮಾಡಿಕೊಂಡು ಸುಮ್ಮನಾದೆ.

ದಿನವೂ ಬೆಳಿಗ್ಗೆ ಪಾಠಕ್ಕೆ ಮೊದಲು ಮಕ್ಕಳೆಲ್ಲ ಮೈದಾನ ಸುತ್ತಬೇಕು. ಮಂಜಿಗೆ ಹತ್ತು ಸುತ್ತು. ಆಮೇಲೆ ಮರಳು ತುಂಬಿದ ಚೀಲಗಳನ್ನು ಈ ಗೋಡೆಯಿಂದ ಆ ಗೋಡೆಗೆ ಸಾಗಿಸಬೇಕು. ಆಮೇಲೆ ಒಬ್ಬರಿಗೊಬ್ಬರು ಚೆಂಡು ಎಸೆಯಬೇಕು. ಇಷ್ಟಾದ ಮೇಲೆ ಒಂದು ಗಂಟೆ ಮಂಜಿಯ ಕೈ ಪಟಪಟ ಬಡಿದುಕೊಳ್ಳುವುದು ನಿಂತಿರುತ್ತಿತ್ತು. ಆ ಒಂದು ಗಂಟೆಯಲ್ಲಿ ಜೋನ್ ಅವಳಿಗೆ ಗುಂಡಿ ಹಾಕುವುದು, ಚಮಚ ಹಿಡಿಯುವುದು, ಮಣಿ ಪೋಣಿಸುವುದು ಎಲ್ಲವನ್ನೂ ಕಲಿಸಿದರು. ಮುಖ ನೋಡದ ಹುಡುಗಿ ಚೆಂಡು ಬರುವ ದಿಕ್ಕು ನೋಡುತ್ತಾ ನೋಡುತ್ತಾ ಎಸೆಯುವವರ ಮುಖವನ್ನೂ ನೋಡತೊಡಗಿದಳು. ಸಿರಪ್ ಅರ್ಧಕ್ಕೆ ಇಳಿಯಿತು, ಆಮೇಲೆ ನಿಂತಿತು. ಹನ್ನೊಂದನೆಯ ವರ್ಷದಲ್ಲಿ ಮೊದಲ ಮಾತು ಬಂತು. ಸೀಟಿ ಊದುವ ಮೊದಲು ಜೋನ್ ಹೇಳುತ್ತಿದ್ದ "ಗೋ." ನಮ್ಮ ಮಾತಲ್ಲ, ಇಂಗ್ಲಿಷಿನದು. ಅದಕ್ಕೂ ನಾನು ದೇವರಿಗೆ ಕಾಯಿ ಒಡೆದೆ.

ಇದರಿಂದ ಗುಣವಾಗುತ್ತದೆ ಎಂದು ಜೋನ್ ಒಮ್ಮೆಯೂ ಹೇಳಲಿಲ್ಲ. ದಿನವೂ ಬೇಕು, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಪಾರ್ಕಿನಲ್ಲಿ ಕನ್ನಡದವರ ಬಾರ್ಬೆಕ್ಯೂ ಊಟ ಇತ್ತು. ನಿಮ್ಮ ತಾತ ಮಂಜಿಯ ಕೈ ಹಿಡಿದುಕೊಂಡು ಹೋಗಿ ಒಬ್ಬೊಬ್ಬರಿಗೂ, "ಇವಳು ನನ್ನ ದೊಡ್ಡ ಮಗಳು," ಎಂದು ಹೇಳಿದರು. ಮಂಜಿ ಕೈ ಬಿಡಿಸಿಕೊಂಡು ಹುಲ್ಲಿನ ಸುತ್ತ ಓಡಿದಳು. ಮಂಗಳೂರಿನ ಫಿಲೋಮಿನಾ ನನ್ನ ಪಕ್ಕ ಕೂತಿದ್ದರು. ಅವರ ಗಂಡ ಲಾರೆನ್ಸ್ ತಾತನ ಆಸ್ಪತ್ರೆಯಲ್ಲೇ ಡಾಕ್ಟರು.

"ನೋಡಿ ಗೌರಕ್ಕ, ಎಂತ ಓಟ ಮಾರಾಯ್ರೆ. ನಮ್ಮ ಲಾರೆನ್ಸನ ಹೊಟ್ಟೆಗೆ ಸ್ವಲ್ಪ ನಾಚಿಕೆ ಬರ್ಲಿ."

"ನನ್ನ ಹೊಟ್ಟೆ ನಿನ್ನ ಅಡುಗೆ ಸರ್ಟಿಫಿಕೇಟ್ ಕಣೇ," ಎಂದರು ಲಾರೆನ್ಸ್.

ನಾನು ಬಾಯಿ ಬಿಟ್ಟು ನಕ್ಕೆ. ನಿಮ್ಮ ತಾತ ಆಶ್ಚರ್ಯದಿಂದ ತಿರುಗಿ ನೋಡಿದರು.

ಇನ್ನು ಮುಂದಿನದು ಬರೆಯಲು ನಾಚಿಕೆ. ರೇಖಾ, ನೀನು ಬಿಟ್ಟು ಓದಬೇಡ. ಇದಿಲ್ಲದೆ ಅವರಿಗೆ ಏನೂ ಅರ್ಥವಾಗುವುದಿಲ್ಲ.

ಹನ್ನೆರಡು ತುಂಬಿ ಸ್ವಲ್ಪ ದಿನಕ್ಕೆ ಮಂಜಿ ದೊಡ್ಡವಳಾದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಚ್ಚಲು ಮನೆಯಲ್ಲೇ ಕೂತು ಅತ್ತೆ. ಮಾತಾಡುವ ವಯಸ್ಸಿಗೆ ಮಾತು ಬರಲಿಲ್ಲ, ಶಾಲೆಯ ವಯಸ್ಸಿಗೆ ಶಾಲೆ ಇಲ್ಲ. ಎಲ್ಲ ಹುಡುಗಿಯರಂತೆ, ಆಗಬೇಕಾದ ಹೊತ್ತಿಗೆ ಸರಿಯಾಗಿ ಆದದ್ದು ಇದೊಂದೇ. ಇದನ್ನಾದರೂ ಎಲ್ಲರ ಮನೆಯಂತೆ ಮಾಡಬೇಕು ಎನ್ನಿಸಿತು.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪು ಕಡಿದು ತಂದು ಮೂಲೆಯಲ್ಲಿ ಗುಡ್ಲು ಹಾಕುತ್ತಾನೆ. ಅದರೊಳಗೆ ಚಾಪೆಯ ಮೇಲೆ ಅವಳು ಹನ್ನೊಂದು ದಿನ ಕೂರಬೇಕು. ಹೊರಗೆ ಬರುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ಕೊಬ್ಬರಿ, ತುಪ್ಪ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸುತ್ತಾರೆ. ಸಂಜೆ ಮುತ್ತೈದೆಯರು ಬಂದು ಆರತಿ ಎತ್ತುತ್ತಾರೆ. ನನಗೂ ಹಾಗೇ ಮಾಡಿದ್ದರು.

ನಿಮ್ಮ ತಾತ, "ಇದೆಲ್ಲ ಇಲ್ಲಿ ಬೇಕಾ ಗೌರಿ?" ಎಂದು ಕೇಳಿದರು.

"ನಾನು ಇದುವರ್ಗೂ ನಿಮ್ಮನ್ನ ಏನಾದ್ರೂ ಕೇಳಿದೀನಾ?"

ಇಲ್ಲಿ ಸೋದರಮಾವ ಎಲ್ಲಿ ಬರಬೇಕು? ಲಾರೆನ್ಸ್ ತಾವೇ ಒಪ್ಪಿಕೊಂಡರು. ಪ್ಯಾಂಟು ಮಡಚಿ, ಏಣಿ ಹತ್ತಿ, ನಮ್ಮ ಹಿತ್ತಲಿನ ಗಮ್ ಮರದ, ಅಂದರೆ ನೀಲಗಿರಿ ಜಾತಿಯ ಮರದ, ಕೊಂಬೆ ಕಡಿದು ವರಾಂಡಕ್ಕೆ ತೆರೆಯುವ ಕೋಣೆಯ ಮೂಲೆಯಲ್ಲಿ ಗುಡ್ಲು ಕಟ್ಟಿಕೊಟ್ಟರು. "ನಮ್ಮ ಪಾದ್ರಿಗೆ ಹೇಳ್ಬೇಡಿ ಗೌರಕ್ಕ," ಎಂದು ನಗಿಸಿದರು. ಫಿಲೋಮಿನಾ ಸೀರೆ ತಂದರು, ಆದರೆ ಹೋಗುವಾಗ ಬಾಗಿಲಲ್ಲಿ ನಿಂತು, "ಓಡುವ ಹುಡುಗಿ, ಇಷ್ಟು ದಿನ ಕೂರ್ತಾಳಾ?" ಎಂದು ಮೆಲ್ಲಗೆ ಕೇಳಿದರು.

ಶಾಲೆಗೆ ಏನು ಹೇಳುವುದು? ಚಡ್ಡಿ ಹಾಕಿಕೊಂಡ ಟೀಚರ್ ಮುಂದೆ ಈ ವಿಷಯವನ್ನು ನಾನು ಯಾವ ಭಾಷೆಯಲ್ಲಿ ಹೇಳಲಿ? ಮಂಜಿಗೆ ಜ್ವರ ಎಂದು ಫೋನ್ ಮಾಡಿ ಹೇಳಲು ತಾತನಿಗೆ ಹೇಳಿದೆ.

ಮೊದಲೆರಡು ದಿನ ಮಂಜಿ ಗುಡ್ಲಿನೊಳಗೆ ಚೆನ್ನಾಗಿ ಕೂತಳು. ಎಲೆ ಕಿತ್ತು ಮೂಸುವಳು, ಚಿಗಳಿ ತಿನ್ನುವಳು. ನೋಡಿ, ನನ್ನ ಮಗಳೂ ಕೂರುತ್ತಾಳೆ ಎಂದು ಹೆಮ್ಮೆ ಪಟ್ಟೆ. ಮೂರನೆಯ ದಿನ ಶಾಲೆಯಲ್ಲಿ ಓಡುವ ಹೊತ್ತಿಗೆ ಸರಿಯಾಗಿ ಎದ್ದು ಬಾಗಿಲಿಗೆ ಹೋದಳು. "ಗೋ," ಎಂದಳು. ನಾನು ಹೊರಗಿನಿಂದ ಚಿಲಕ ಹಾಕಿದೆ. ಬಾಗಿಲಿಗೆ ಹಣೆ ಬಡಿಯುವ ಸದ್ದು ಶುರುವಾಯಿತು.

ಆಗಲೇ ತೆಗೆದುಬಿಡಬಹುದಿತ್ತು. ಯಾಕೆ ತೆಗೆಯಲಿಲ್ಲ ಎಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇನ್ನು ಎಂಟು ದಿನ ತಾನೇ ಎಂದುಕೊಂಡೆ. ನಡುವೆ ನಿಲ್ಲಿಸಿದರೆ ಅವಳಿಗೆ ಕೆಟ್ಟದಾಗುತ್ತದೆ ಎಂದು ಹೆದರಿದೆ. ಐದನೆಯ ದಿನ ಹಣೆ ಊದಿಕೊಂಡಿತ್ತು, ಮಣಿಕಟ್ಟಿನಲ್ಲಿ ಹಲ್ಲಿನ ಗುರುತು. ನಿಮ್ಮ ತಾತ, "ಬಿಡೇ ಅವಳನ್ನ," ಎಂದು ನನ್ನ ಮೇಲೆ ಕೂಗಾಡಿ ಡ್ಯೂಟಿಗೆ ಹೋದರು. ಎಂಟನೆಯ ದಿನ ಮಧ್ಯಾಹ್ನ ಕಿಟಕಿಯ ಗಾಜು ಒಡೆದ ಸದ್ದಾಯಿತು. ನಾನು ಚಿಲಕ ತೆಗೆದಾಗ ಅವಳ ಬಲಗೈ ಒಡೆದ ಗಾಜಿನಾಚೆ ಇತ್ತು. ಮುಟ್ಟಬಾರದು ಎನ್ನುವುದೆಲ್ಲ ಆಗ ಮರೆತುಹೋಯಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ನಿದ್ದೆ ಬರುವ ಔಷಧಿ ಮತ್ತೆ ಶುರು ಮಾಡಿ ಕಳಿಸಿದರು. ಮನೆಗೆ ಬಂದ ತಕ್ಷಣ ನಾನೇ ಗುಡ್ಲು ಕಿತ್ತು ಹಿತ್ತಲಿಗೆ ಎಸೆದೆ. ಚಾಪೆ ಸುತ್ತಿಟ್ಟೆ. ಬಾಗಿಲು ಹಾರುಹೊಡೆದು, "ಹೋಗು ಮಂಜಿ, ಓಡು," ಎಂದೆ. ಅವಳು ಆ ಮೂಲೆಗೆ ಹೋಗಿ ಬರೀ ನೆಲದ ಮೇಲೆ ಕೂತಳು.

ಮಾರನೆಯ ದಿನವೂ ಅಲ್ಲೇ. ಅದರ ಮಾರನೆಯ ದಿನವೂ ಅಲ್ಲೇ. ಕೈ ಹಿಡಿದು ಎಬ್ಬಿಸಿದರೆ ಕಚ್ಚುವಳು. ಹನ್ನೊಂದು ದಿನ ಎಂದರೆ ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ತಿಳಿದದ್ದು ಒಂದೇ. ಮೊದಲು ಓಡಬೇಕಿತ್ತು, ಈಗ ಇಲ್ಲಿ ಕೂರಬೇಕು. ಕಲಿಸಿದ್ದನ್ನು ಅವಳು ಬಿಡುವವಳಲ್ಲ. ನಾನು ಕಲಿಸಿದ್ದೆ.

ಎರಡು ವಾರವಾದ ಮೇಲೆ ಜೋನ್ ಮನೆಗೆ ಬಂದರು. ತಾತ ಇರಲಿಲ್ಲ. ಎಂಟು ವರ್ಷದ ನಿಮ್ಮಮ್ಮನೇ ನಮ್ಮಿಬ್ಬರ ನಡುವೆ ನಿಂತು ನನ್ನ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮಕ್ಕಳ ಬಾಯಲ್ಲಿ ಹೇಳಿಸಬಾರದ ಮಾತು ಅದು. ಜ್ವರ ಇರಲಿಲ್ಲ ಎನ್ನುವುದನ್ನೂ ಅವಳ ಬಾಯಿಂದಲೇ ಹೇಳಿಸಿದೆ. ಜೋನ್ ಏನೋ ಹೇಳಿದರು.

"ಏನಂದ್ರು ರೇಖಾ?"

"ಶಾಲೇಲಿ ದೊಡ್ಡ ಹುಡುಗೀರಿಗೂ ಹಂಗೇ ಆಗತ್ತಂತೆ ಅಮ್ಮ. ಅವರೂ ಓಡ್ತಾರಂತೆ. ನನಗೆ ಹೇಳಿದ್ರೆ ಆಗ್ತಿತ್ತು ಅಂತಿದಾರೆ."

ಜೋನ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು ಮೂಲೆಗೆ ಹೋಗಿ ಮಂಜಿಯ ಪಕ್ಕ ನೆಲದ ಮೇಲೆ ಕೂತರು. ವಾರಕ್ಕೆ ಒಂದು ಸಲ ಬಂದು ಹಾಗೆ ಕೂತು ಹೋಗುತ್ತಿದ್ದರು.

ನನಗೆ ಹೊಳೆದದ್ದು ಚಾಪೆ. ಮತ್ತೆ ಹಾಸಿಕೊಟ್ಟೆ. ಮಂಜಿ ಸ್ನಾನಕ್ಕೆ ಹೋದಾಗ ದಿನಕ್ಕೆ ನಾಲ್ಕು ಬೆರಳಿನಷ್ಟು ಬಾಗಿಲ ಕಡೆಗೆ ಸರಿಸುತ್ತಿದ್ದೆ. ಹೆಚ್ಚು ಸರಿಸಿದ ದಿನ ಅವಳಿಗೆ ಗೊತ್ತಾಗಿ ಚಾಪೆಯನ್ನು ಮೂಲೆಗೆ ಎಳೆದುಕೊಳ್ಳುವಳು, ಮತ್ತೆ ಮೊದಲಿಂದ ಶುರು. ಚಳಿಗಾಲದಲ್ಲಿ ಮೂಲೆ ಬಿಟ್ಟ ಚಾಪೆ ಬೇಸಿಗೆಯಲ್ಲಿ ಹೊಸ್ತಿಲು ದಾಟಿ ವರಾಂಡಕ್ಕೆ ಬಂತು. ಇನ್ನು ಮೂರು ಮೆಟ್ಟಿಲಿಳಿದರೆ ಹುಲ್ಲು. ಜೋನ್ ನೋಡಿ ನನ್ನ ಭುಜ ತಟ್ಟಿದರು.

ಆ ವಾರವೇ ನಿಮ್ಮ ತಾತ ತೀರಿಕೊಂಡರು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಕುರ್ಚಿಯಲ್ಲಿ ಕೂತಿದ್ದವರು ಹಾಗೇ ಒರಗಿದರಂತೆ. ಹೃದಯ. ಲಾರೆನ್ಸ್ ಬಂದು ಹೇಳಿದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟಿದ್ದನ್ನು ಬೇಯಿಸಿ ಒಲೆ ಆರಿಸಿ ಆಮೇಲೆ ಕೂತೆ.

ಮನೆ ತುಂಬಾ ಜನ. ವರಾಂಡದಲ್ಲಿ ಕುರ್ಚಿ ಹಾಕಬೇಕಿತ್ತು. ಯಾರೋ ಪುಣ್ಯಾತ್ಮರು ಒಳ್ಳೆಯ ಮನಸ್ಸಿನಿಂದ ಚಾಪೆ ಸುತ್ತಿ ಶೆಡ್ಡಿಗೆ ಹಾಕಿದರು. ಎಲ್ಲ ಹೋದ ಮೇಲೆ ನೋಡಿದರೆ ಮಂಜಿ ಒಳಗೆ, ಅದೇ ಮೂಲೆಯಲ್ಲಿ, ಬರೀ ನೆಲದ ಮೇಲೆ ಇದ್ದಳು.

ಮತ್ತೆ ಸರಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಆಗಲಿಲ್ಲ ಎಂದರೆ ಆಗಲಿಲ್ಲ, ಬೇರೆ ಮಾತು ಹುಡುಕುವುದಿಲ್ಲ. ಮಂಜಿ ನನಗಿಂತ ಎತ್ತರ ಬೆಳೆದಿದ್ದಳು. ಔಷಧಿಗೆ ಮೈ ಬಂದಿತ್ತು. ಅಪ್ಪ ಬರುವ ಹೊತ್ತಿಗೆ ಬಾಗಿಲ ಕಡೆ ನೋಡಿ ಚೀರುವಳು. ಒಂದು ದಿನ ಹಾಗೆ ಚೀರುತ್ತಾ ಎದ್ದವಳ ದಾರಿಯಲ್ಲಿ ನಿಮ್ಮಮ್ಮ ಇದ್ದಳು. ಮಂಜಿ ತಳ್ಳಿದ ರಭಸಕ್ಕೆ ಮೇಜಿಗೆ ಬಡಿದು ನಿಮ್ಮಮ್ಮನ ಎಡಗೈ ಮುರಿಯಿತು. ಅವಳು ಅಳದೆ ನನ್ನನ್ನೇ ಸಮಾಧಾನ ಮಾಡಿದಳು. "ಇಟ್ಸ್ ಓಕೆ ಅಮ್ಮ, ಅವಳಿಗೆ ನಾನು ಕಾಣಿಸ್ಲಿಲ್ಲ," ಎಂದಳು. ಹತ್ತು ವರ್ಷ ಆಗಿರಲಿಲ್ಲ ಅವಳಿಗೆ.

ಫಿಲೋಮಿನಾ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು. "ಗೌರಕ್ಕ, ಒಂದು ಮಾತು ಹೇಳ್ತೇನೆ, ಬೈಯಿರಿ. ಒಬ್ಬಳನ್ನು ಮನೆಯಲ್ಲಿ ಇಟ್ಕೊಳ್ಳೋದಕ್ಕೆ ಇನ್ನೊಬ್ಬಳನ್ನು ಮುರೀಬೇಡಿ."

ಬೈಯಲಿಲ್ಲ. ಕಾಗದಕ್ಕೆ ಸಹಿ ಮಾಡಿದೆ. ಬ್ರಿಸ್ಬೇನಿನಲ್ಲಿ ಹಿಡಿದ ಹಟ ಅಲ್ಲಿಗೆ ಮುಗಿಯಿತು. ಮಂಜಿಯನ್ನು ಸೇರಿಸಿದ್ದು ಇಂಥ ಮಕ್ಕಳನ್ನು ನೋಡಿಕೊಳ್ಳುವ ಊರಾಚೆಯ ಒಂದು ಹಾಸ್ಟೆಲಿಗೆ. ಅಲ್ಲಿಯ ಜನ ಒಳ್ಳೆಯವರು. ದಿನವೂ ಓಡಿಸುತ್ತೀರಾ ಎಂದು ಫಿಲೋಮಿನಾ ಬಾಯಲ್ಲಿ ಕೇಳಿಸಿದೆ. ನಮ್ಮಲ್ಲಿ ಅಷ್ಟು ಜನ ಇಲ್ಲ, ಸುಳ್ಳು ಹೇಳುವುದಿಲ್ಲ ಎಂದರು.

ಹಾಗಾಗಿ ನಾನೇ ಹೋಗತೊಡಗಿದೆ. ನಿಮ್ಮಮ್ಮ ಶಾಲೆಗೆ ಹೋದ ಮೇಲೆ ಎರಡು ಬಸ್ಸು ಹಿಡಿಯಬೇಕು. ಎದುರಿಗೆ ಗಂಡಸರು ಬಂದರೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದವಳು ನಾನು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಸ್ಸಿನಲ್ಲಿ ಕೂತೆ. ಮೊದಲ ನಾಲ್ಕು ತಿಂಗಳು ಮಂಜಿ ಅಲ್ಲಿಯೂ ಮೂಲೆ ಬಿಡಲಿಲ್ಲ. ಪಕ್ಕ ಕೂತು ಬರುತ್ತಿದ್ದೆ. ಆಮೇಲೆ ಬಾಗಿಲವರೆಗೆ ಬಂದಳು, ಆಮೇಲೆ ಮೆಟ್ಟಿಲವರೆಗೆ. ಹುಲ್ಲಿಗೆ ಇಳಿದ ದಿನ ನಿಂತಲ್ಲೇ ನಿಂತಿದ್ದಳು. ಒಂದು ಸುತ್ತು ಆಗಲು ಇನ್ನೂ ಒಂದು ತಿಂಗಳು ಬೇಕಾಯಿತು. ಓಟ ಹೋಗಿ ನಡಿಗೆಯಾಗಿತ್ತು. ಆದರೂ ನಡೆದ ದಿನ ಕಚ್ಚಿಕೊಳ್ಳುವುದು ಕಡಿಮೆ, ಸಂಜೆ ಚೆನ್ನಾಗಿ ಉಣ್ಣುತ್ತಾಳೆ ಎಂದು ಅಲ್ಲಿಯವರೇ ಹೇಳತೊಡಗಿದರು. ಔಷಧಿ ಸ್ವಲ್ಪ ಇಳಿಸಿದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ನನ್ನ ಜೊತೆ ನಡೆಯುತ್ತಾ ಹತ್ತು ಸುತ್ತಿಗೆ ಮರಳಿದ್ದಳು. ನನ್ನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಒಂದು ಬೆಳಿಗ್ಗೆ ಎಂಟು ಸುತ್ತಾದ ಮೇಲೆ ನನ್ನಿಂದಾಗದೆ ಹುಲ್ಲಿನ ಮೇಲೆ ಕೂತುಬಿಟ್ಟೆ. ಮಂಜಿ ತನ್ನ ಪಾಡಿಗೆ ಮುಂದೆ ಹೋದಳು. ಹಿಂದೆ ತಿರುಗಿ ನೋಡುವವಳಲ್ಲ ಅವಳು. ಹಾಗೇ ನೋಡುತ್ತಾ ಕೂತಿದ್ದೆ. ಹತ್ತು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು ನನ್ನ ಮುಂದೆ ನಿಂತಳು. ನನ್ನ ಮುಖ ನೋಡಲಿಲ್ಲ, ಬೇಲಿಯ ಕಡೆ ನೋಡುತ್ತಾ ನನ್ನ ಕೈ ಹಿಡಿದು ಎಳೆದಳು.

ಅಷ್ಟು ವರ್ಷವೂ ಅವಳ ಕೈ ಹಿಡಿದದ್ದು ನಾನು. ಅವಳಾಗಿ ನನ್ನ ಕೈ ಹಿಡಿದದ್ದು ಅದೇ ಮೊದಲು. ಪ್ರೀತಿಯಿಂದ ಎಂದು ನಿಮಗೆ ಹೇಳಲಾರೆ, ನನಗೆ ಗೊತ್ತಿಲ್ಲ. ಸುತ್ತು ಹತ್ತಾಗಬೇಕು, ನನ್ನದು ಎಂಟೇ ಆಗಿತ್ತು. ಅವಳಿಗೆ ಅದು ಸರಿಬರಲಿಲ್ಲವೇನೋ.

ಎದ್ದೆ. ಉಳಿದ ಎರಡು ಸುತ್ತು ಅವಳೇ ನನ್ನನ್ನು ಎಳೆದುಕೊಂಡು ನಡೆದಳು.